ಆಶೆಯೂ ಅದರ ಆಧಾರವೂ

ಸಾಕಷ್ಟು ಆಧಾರವಿಲ್ಲದೆ ಒಳಿತನ್ನು ನಿರೀಕ್ಷಿಸುವುದು ದೋಷವೆ? ವ್ಯಾಪಾರದಲ್ಲಿ, ಬೇಸಾಯದಲ್ಲಿ, ಮಕ್ಕಳ ವಿದ್ಯಾಭ್ಯಾಸದಲ್ಲಿ ದಿನನಿತ್ಯವೂ ಎದುರಾಗುವ ಈ ಪ್ರಶ್ನೆಯನ್ನು ಪ್ರಶ್ನೆಯೆಂದು ಗುರುತಿಸುವವರು ವಿರಳ. ಅಲ್ಲೆಲ್ಲ ನಿರೀಕ್ಷೆಯೊಡನೆ ಅನಿವಾರ್ಯತೆಯೂ ಬೆರೆತಿರುತ್ತದೆ; ಬಿತ್ತದೆ ಸುಮ್ಮನಿರಲು ರೈತನಿಗೆ ಸಾಧ್ಯವಿಲ್ಲ. ಅನಿವಾರ್ಯತೆಯ ಸೋಂಕಿಲ್ಲದ, ಶುದ್ಧ ನಿರೀಕ್ಷೆಯನ್ನು ಕಾಣಬೇಕೆಂದರೆ ಆಟದ ಮೈದಾನದ ಕಡೆಗೆ ಹೋಗಬೇಕು. ತಂಡ ಗೆಲ್ಲಲಿ, ಸೋಲಲಿ, ಅಭಿಮಾನಿಯ ಮನೆಯ ಒಲೆ ಆರುವುದಿಲ್ಲ. ಹಾಗಿದ್ದರೂ ಆತನ ಹರ್ಷ ವಿಷಾದಗಳು ಲಾಭನಷ್ಟದ ವ್ಯವಹಾರದಲ್ಲಿ ತೊಡಗಿದವನ ಹರ್ಷ ವಿಷಾದಗಳಿಗಿಂತ ತೀವ್ರವಾಗಿರುವುದುಂಟು.

ಕರ್ನಾಟಕದಲ್ಲಿ ಕಾಲ್ಚೆಂಡಾಟ ನಿನ್ನೆ ಮೊನ್ನೆಯದಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಏಕೈಕ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. 2013ರಲ್ಲಿ ಸ್ಥಾಪಿತವಾದ ಬೆಂಗಳೂರು ಫುಟ್‌ಬಾಲ್ ಕ್ಲಬ್ಬು ಮೊದಲ ವರ್ಷದಲ್ಲಿಯೇ ರಾಷ್ಟ್ರೀಯ ಲೀಗನ್ನು ಗೆದ್ದಾಗ ಈ ಆಟಕ್ಕೆ ಹೊಸ ತಲೆಮಾರಿನ ಅಭಿಮಾನಿಗಳು ದೊರೆತರು. ಕಂಠೀರವ ಕ್ರೀಡಾಂಗಣಕ್ಕೆ ಹೋಗಲಾರದವರು ದೂರದರ್ಶಕದಲ್ಲಿ ನೋಡಿದರು. ಕಾವೇರಿ ದಂಡೆಯ ಸೋಸಲೆಯಂಥ ಊರುಗಳಲ್ಲಿ ಕೈಯಲ್ಲಿ ಹಿಡಿದ ಮೊಬೈಲಿನಲ್ಲಿಯೇ ಪಂದ್ಯ ನೋಡುವ ಯುವಕರು ಇಂದು ಅಪರೂಪವಲ್ಲ. ಇಂಥ ಅಭಿಮಾನಿಯ ವರ್ಷದಲ್ಲಿ ಅತ್ಯಂತ ಸುಖದ ಕಾಲ ಯಾವುದು? ಪ್ರಶಸ್ತಿಯ ದಿನವೆಂದು ಹೊರಗಿನವರು ಹೇಳಿಯಾರು. ನಿಜವಾಗಿ ಅದು ಲೀಗ್ ಆರಂಭಕ್ಕೆ ಮುಂಚಿನ ಒಂದೆರಡು ತಿಂಗಳು.

ಆ ಅವಧಿಯಲ್ಲಿ ತಂಡಗಳು ಪೂರ್ವಸಿದ್ಧತೆಯ ಪಂದ್ಯಗಳನ್ನಾಡುತ್ತವೆ. ಬಿಡುವಿನಲ್ಲಿ ಸಡಿಲಗೊಂಡ ಮೈಯನ್ನು ಹದಕ್ಕೆ ತರುವುದು, ಹೊಸದಾಗಿ ಬಂದವನು ಯಾವ ಸ್ಥಾನಕ್ಕೆ ಒಗ್ಗುತ್ತಾನೆಂದು ನೋಡುವುದು, ರಕ್ಷಣೆ ಎಲ್ಲಿ ಬಿರುಕು ಬಿಡುತ್ತದೆಂದು ತಿಳಿಯುವುದು, ಇವು ಅವುಗಳ ಉದ್ದೇಶ. ತರಬೇತುದಾರನು ಮೊದಲರ್ಧಕ್ಕೆ ಹನ್ನೊಂದು ಮಂದಿಯನ್ನೂ ಉಳಿದರ್ಧಕ್ಕೆ ಬೇರೆ ಹನ್ನೊಂದು ಮಂದಿಯನ್ನೂ ಇಳಿಸಬಹುದು. ಎದುರಾಳಿಯು ತನ್ನ ಮುಖ್ಯ ಆಟಗಾರರನ್ನು ಹೊರಗೆ ಕೂರಿಸಿರಬಹುದು. ಸೋತರೆ ಒಂದು ಅಂಕವೂ ಹೋಗುವುದಿಲ್ಲ. ದೋಷ ಬೆಳಕಿಗೆ ಬರುವುದರಿಂದ ಕೆಲವೊಮ್ಮೆ ಸೋಲೇ ಹೆಚ್ಚು ಉಪಯುಕ್ತ. ಹೀಗೆ ಮೈದಾನದ ಒಳಗಿರುವವರು ತಮ್ಮ ಕೊರತೆಯನ್ನು ಹುಡುಕುತ್ತಿರುವಾಗ ಹೊರಗಿರುವವನು ಅದೇ ಪಂದ್ಯದಲ್ಲಿ ಮುಂದಿನ ಮಾರ್ಚಿಯ ಕಪ್ಪನ್ನು ಕಾಣುತ್ತಿರುತ್ತಾನೆ. ಒಂದೇ ದೃಶ್ಯ, ಎರಡು ಬಗೆಯ ನೋಟ.

2022ನೆಯ ವರ್ಷವನ್ನು ತೆಗೆದುಕೊಳ್ಳಬಹುದು. 1888ರಲ್ಲಿ ಶಿಮ್ಲಾದಲ್ಲಿ ಆರಂಭವಾದ, ಸೇನೆಯ ಆಶ್ರಯದಲ್ಲಿ ನಡೆಯುವ ಡ್ಯುರಾಂಡ್ ಕಪ್ ಪಂದ್ಯಾವಳಿ ಇತ್ತೀಚಿನ ವರ್ಷಗಳಲ್ಲಿ ಇಂಡಿಯನ್ ಸೂಪರ್ ಲೀಗಿನ ತಂಡಗಳಿಗೆ ಋತುವಿನ ಪೀಠಿಕೆಯಾಗಿದೆ. ಕೆಲವು ಕ್ಲಬ್ಬುಗಳು ಅಲ್ಲಿಗೆ ತಮ್ಮ ಎರಡನೆಯ ತಂಡವನ್ನು ಕಳುಹಿಸಿದ್ದೂ ಉಂಟು. ಆ ವರ್ಷದ ಸೆಪ್ಟೆಂಬರ್ 18ರಂದು ಕೊಲ್ಕತ್ತದಲ್ಲಿ ಬೆಂಗಳೂರು ತಂಡ ಮುಂಬಯಿ ಸಿಟಿಯನ್ನು 2-1ರಿಂದ ಸೋಲಿಸಿ ಆ ಕಪ್ಪನ್ನು ಮೊದಲ ಬಾರಿಗೆ ಗೆದ್ದಿತು. ಪೀಠಿಕೆಯೇ ಹೀಗಿದ್ದರೆ ಗ್ರಂಥ ಹೇಗಿರಬಹುದೆಂದು ಅಭಿಮಾನಿ ಲೆಕ್ಕ ಹಾಕಿದ್ದರೆ ಅದನ್ನು ತಪ್ಪೆನ್ನಲಾಗದು. ಎದುರಾಳಿ ದುರ್ಬಲವಾಗಿರಲಿಲ್ಲ, ಕಪ್ಪು ನಕಲಿಯಾಗಿರಲಿಲ್ಲ.

ಅಕ್ಟೋಬರಿನಲ್ಲಿ ಲೀಗ್ ಆರಂಭವಾಯಿತು. ವರ್ಷದ ಕೊನೆಯ ಹೊತ್ತಿಗೆ 12 ಪಂದ್ಯಗಳಲ್ಲಿ 8 ಸೋಲು. ಪಟ್ಟಿಯ ಕೆಳಗಿನ ಸಾಲುಗಳಲ್ಲಿ ತಂಡದ ಹೆಸರು. ಸೆಪ್ಟೆಂಬರಿನ ಲೆಕ್ಕವನ್ನು ನಂಬಿದವರೆಲ್ಲ ಈಗ ಅಷ್ಟೇ ದೃಢವಾಗಿ ಎಲ್ಲ ಮುಗಿಯಿತೆಂದು ನಂಬಿದರು. ಆದರೆ ಮುಗಿದಿರಲಿಲ್ಲ. ಉಳಿದಿದ್ದ 8 ಪಂದ್ಯಗಳನ್ನೂ ಸತತವಾಗಿ ಗೆದ್ದ ತಂಡ ನಾಲ್ಕನೆಯ ಸ್ಥಾನಕ್ಕೇರಿತು. 2023ರ ಮಾರ್ಚ್ 18ರಂದು ಗೋವೆಯ ಫಟೋರ್ಡಾದಲ್ಲಿ ಅಂತಿಮ ಪಂದ್ಯವನ್ನಾಡಿ, 2-2ರ ಸಮಬಲದ ನಂತರ ಪೆನಾಲ್ಟಿ ಒದೆತಗಳಲ್ಲಿ 3-4ರಿಂದ ಸೋತಿತು. ಸೆಪ್ಟೆಂಬರಿನ ಗೆಲುವು ಡಿಸೆಂಬರಿನ ಪತನವನ್ನು ಸೂಚಿಸಲಿಲ್ಲ. ಡಿಸೆಂಬರಿನ ಪತನ ಮಾರ್ಚಿಯ ಏರಿಕೆಯನ್ನು ಸೂಚಿಸಲಿಲ್ಲ. ಮರುವರ್ಷ ಆ ತಂಡ ಹನ್ನೆರಡರಲ್ಲಿ ಹತ್ತನೆಯದಾಯಿತು. ಅದರ ಮರುವರ್ಷ ಡ್ಯುರಾಂಡ್ ಕಪ್ಪಿನ ಸೆಮಿಫೈನಲಿನಲ್ಲಿ ಎರಡು ಗೋಲುಗಳ ಮುನ್ನಡೆಯನ್ನು ಕಳೆದುಕೊಂಡು ಹೊರಬಿದ್ದು, ಲೀಗಿನಲ್ಲಿ ಮತ್ತೆ ಅಂತಿಮ ಪಂದ್ಯದವರೆಗೆ ಹೋಯಿತು. ಪೀಠಿಕೆಯನ್ನು ಓದಿ ಗ್ರಂಥವನ್ನು ಹೇಳುವವನಿಗೆ ಇಲ್ಲಿ ಯಾವ ಸೂತ್ರವೂ ಸಿಗುವುದಿಲ್ಲ.

ಒಂದು ಸ್ವಾರಸ್ಯವನ್ನು ಇಲ್ಲಿಯೇ ಹೇಳಬೇಕು. ಆ ಫಟೋರ್ಡಾ ಪಂದ್ಯಕ್ಕೆ ಎರಡು ವಾರ ಮುಂಚೆ, ಮಾರ್ಚ್ 4ರಂದು, ರಿಯಾದ್ ನಗರದಲ್ಲಿ ಕರ್ನಾಟಕ ರಾಜ್ಯ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತ್ತು. ಹಿಂದೆ ಅದನ್ನು ಗೆದ್ದದ್ದು 1968-69ರಲ್ಲಿ, ಮೈಸೂರು ಎಂಬ ಹೆಸರಿನಲ್ಲಿ. ನಡುವೆ 54 ವರ್ಷ. ಕ್ಲಬ್ಬಿನ ಸಿದ್ಧತೆಯ ಪಂದ್ಯಗಳನ್ನು ಕೂಡ ಬಿಡದೆ ನೋಡುತ್ತಿದ್ದವರಲ್ಲಿ ಎಷ್ಟು ಜನ ಈ ತಂಡದ ಮೇಲೆ ಒಂದಿಷ್ಟು ಆಶೆಯನ್ನಿಟ್ಟಿದ್ದರೋ ಹೇಳುವುದು ಕಷ್ಟ. ಆಶೆ ಹುಟ್ಟುವುದಕ್ಕೆ ಯೋಗ್ಯತೆಗಿಂತ ಹೆಚ್ಚಾಗಿ ಕಣ್ಣಿಗೆ ಬೀಳುವಿಕೆ ಕಾರಣವೆಂಬ ಸಂಶಯಕ್ಕೆ ಇದು ಎಡೆಗೊಡುತ್ತದೆ.

ಆಧಾರ ಸಾಲದೆ ನಂಬುವುದನ್ನು ಅನೀತಿಯೆಂದು ಖಂಡತುಂಡವಾಗಿ ಹೇಳಿದವರಿದ್ದಾರೆ. ಇಂಗ್ಲೆಂಡಿನ ಗಣಿತಜ್ಞ ಡಬ್ಲ್ಯು. ಕೆ. ಕ್ಲಿಫರ್ಡ್ 1877ರ ಪ್ರಬಂಧವೊಂದರಲ್ಲಿ ಹಡಗಿನ ಒಡೆಯನೊಬ್ಬನ ದೃಷ್ಟಾಂತವನ್ನು ಕೊಟ್ಟನು. ಹಿಂದೆ ಅನೇಕ ಯಾನಗಳನ್ನು ಮಾಡಿ ಬಂದ ಹಡಗು ಈ ಬಾರಿಯೂ ಬರುತ್ತದೆಂದು ಪರೀಕ್ಷಿಸದೆ ನಂಬಿದವನು, ಹಡಗು ಮುಳುಗದೆ ಮರಳಿ ಬಂದರೂ ಅಪರಾಧಿಯೇ ಎಂಬುದು ಆತನ ವಾದ. ಅಮೆರಿಕದ ವಿಲಿಯಂ ಜೇಮ್ಸ್ 1896ರಲ್ಲಿ ಇದಕ್ಕೆ ಉತ್ತರವಿತ್ತನು: ಕೆಲವು ವಿಷಯಗಳಲ್ಲಿ ನಂಬಿಕೆಯೇ ಫಲವನ್ನು ಹುಟ್ಟಿಸಲು ನೆರವಾಗುತ್ತದೆ, ಆಧಾರಕ್ಕಾಗಿ ಕಾದು ಕುಳಿತವನಿಗೆ ಆ ಫಲ ದೊರೆಯುವುದೇ ಇಲ್ಲ. ಜೇಮ್ಸನ ಮಾತು ಮೈದಾನಕ್ಕಿಳಿಯುವ ಆಟಗಾರನಿಗೆ ಚೆನ್ನಾಗಿ ಸಲ್ಲುತ್ತದೆ. ಗ್ಯಾಲರಿಯಲ್ಲಿ ಕೂಗುವವನಿಗೆ ಸ್ವಲ್ಪ ಸಲ್ಲಬಹುದು. ಸೋಸಲೆಯಲ್ಲಿ ಮೊಬೈಲ್ ಹಿಡಿದವನ ನಂಬಿಕೆ ಗೋವೆಯಲ್ಲಿನ ಒಂದು ಒದೆತವನ್ನೂ ಬದಲಿಸಲಾರದು. ಹಾಗೆಂದು ಕ್ಲಿಫರ್ಡನ ಅಪರಾಧವೂ ಅವನ ಮೇಲೆ ಬರುವುದಿಲ್ಲ. ಅವನ ನಂಬಿಕೆಯನ್ನು ನಂಬಿ ಯಾರೂ ಸಮುದ್ರಕ್ಕಿಳಿದಿಲ್ಲ. ಹಾಗಾದರೆ ದೋಷವೆಲ್ಲಿ?

ಇದನ್ನು ತಿಳಿಯಲು ಅದೇ ಊರಿನ ಬೇಸಾಯಗಾರನನ್ನು ನೋಡಬೇಕು. ತಿರುಮಕೂಡಲು ನರಸೀಪುರದ ಸುತ್ತಿನ ಗದ್ದೆ ಬಯಲಿನಲ್ಲಿ ಏಪ್ರಿಲ್, ಮೇ ತಿಂಗಳ ಮಳೆಗೆ ಬೆಲೆಯಿದೆ. ಭರಣಿ ಬಿದ್ದಿತೆಂದರೆ ಊರಿನ ಮುಖವೇ ಬೇರೆ. ನೆಲ ಉಳುತ್ತಾರೆ, ಗೊಬ್ಬರ ಹಾಕುತ್ತಾರೆ. ಆದರೆ ಭತ್ತದ ಮಾತು ಬಂದಾಗ ಅವರ ಕಣ್ಣು ಕನ್ನಂಬಾಡಿ ಕಟ್ಟೆಯ ಮೇಲೆ, ಕೊಡಗಿನ ಮೋಡದ ಮೇಲೆ. 2023ರ ಜುಲೈ ಕೊನೆಯಲ್ಲಿ ಕೊಡಗಿನಲ್ಲಿ ಮಳೆ ಹಿಡಿದು ಕಟ್ಟೆಯ ನೀರು ಬೇಗ ಬೇಗನೆ ಏರಿತು. ತುಂಬಿಯೇ ಬಿಡುತ್ತದೆಂಬ ಮಾತು ಹಬ್ಬಿತು. ಬಂದ ಆಗಸ್ಟ್ 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್. 124.80 ಅಡಿಯ ಮಟ್ಟವನ್ನು ಕಟ್ಟೆ ಆ ವರ್ಷ ಮುಟ್ಟಲಿಲ್ಲ. ಸೆಪ್ಟೆಂಬರ್ 29ರಂದು ಕಾವೇರಿಗಾಗಿ ಕರ್ನಾಟಕ ಬಂದ್ ನಡೆಯಿತು. ಆಶೆ ಸುಳ್ಳಾದುದು ಇಲ್ಲಿಯೂ ಅದೇ ರೀತಿ, ನಷ್ಟ ಮಾತ್ರ ನಿಜವಾದದ್ದು. ಆದರೂ ಆ ರೈತ ಜುಲೈಯ ಮೋಡವನ್ನು ವಂಚಕನೆಂದು ಬೈಯುವುದಿಲ್ಲ. ಮೋಡ ತನಗೆ ಮಾತು ಕೊಟ್ಟಿರಲಿಲ್ಲವೆಂಬುದು ಅವನಿಗೆ ಗೊತ್ತು.

ಅಭಿಮಾನಿಗೆ ಗೊತ್ತಿಲ್ಲದಿರುವುದು ಇದೇ. ಆಗಸ್ಟಿನಲ್ಲಿ ತಾನಾಗಿಯೇ ಕಟ್ಟಿಕೊಂಡ ಆಶೆಯನ್ನು ನವೆಂಬರಿನ ಹೊತ್ತಿಗೆ ಅವನು ತಂಡವೇ ಕೊಟ್ಟ ವಾಗ್ದಾನವೆಂದು ಭಾವಿಸತೊಡಗುತ್ತಾನೆ. ವಾಗ್ದಾನ ಮುರಿದವನ ಮೇಲೆ ಸಿಟ್ಟು ಬರುವುದು ಸಹಜವಾದ್ದರಿಂದ ಅವನ ಸಿಟ್ಟಿಗೆ ನ್ಯಾಯದ ವೇಷ ದೊರೆಯುತ್ತದೆ. ಗೋಲು ತಪ್ಪಿಸಿದ ಇಪ್ಪತ್ತು ವರ್ಷದ ಹುಡುಗನನ್ನು ಅವನ ಮನೆಯವರೂ ಓದುವಂತೆ ನಿಂದಿಸುವಾಗ, ಸಾಲ ಮರಳಿ ಕೇಳುವ ಸಾಲಿಗನ ಗಾಂಭೀರ್ಯ ಅವನಲ್ಲಿರುತ್ತದೆ. ಕೊಡದ ಸಾಲವನ್ನು ವಸೂಲು ಮಾಡುವ ಈ ಕ್ರಮದಲ್ಲಿ ಹಿಂಸೆಯಿದೆ. ಮಾತಿನ ಹಿಂಸೆಯೆಂದು ಅದನ್ನು ಹಗುರಾಗಿ ಕಾಣುವಂತಿಲ್ಲ. ಡ್ಯುರಾಂಡ್ ಕಪ್ ಗೆಲ್ಲಿಸಿದ ತರಬೇತುದಾರ ಸೈಮನ್ ಗ್ರೇಸನ್ ಹದಿನೈದು ತಿಂಗಳ ನಂತರ, 2023ರ ಡಿಸೆಂಬರಿನಲ್ಲಿ, ಕ್ಲಬ್ಬಿನಿಂದ ಬೀಳ್ಕೊಳ್ಳಬೇಕಾಯಿತು. ವೃತ್ತಿಪರ ಕ್ರೀಡೆಯಲ್ಲಿ ಅದು ಸಾಮಾನ್ಯ ವಿದ್ಯಮಾನ. ಆ ನಿರ್ಧಾರದ ತಪ್ಪು ಒಪ್ಪು ಇಲ್ಲಿ ಪ್ರಸ್ತುತವಲ್ಲ. ನಿರೀಕ್ಷೆ ಒಬ್ಬರದು, ಅದರ ಬೆಲೆ ತೆರುವವರು ಬೇರೊಬ್ಬರೆಂಬುದಷ್ಟೇ ಗಮನಾರ್ಹ.

ಜೈನ ತರ್ಕದ ಪರಿಭಾಷೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ವಸ್ತುವಿನ ಒಂದು ಅಂಶವನ್ನು ಹಿಡಿದು ಆಡಿದ ಮಾತು ನಯ. ಉಳಿದ ಅಂಶಗಳೇ ಇಲ್ಲವೆಂದು ಹಟ ಹಿಡಿದರೆ ಅದೇ ಮಾತು ದುರ್ನಯ. ‘ಸೆಪ್ಟೆಂಬರಿನಲ್ಲಿ ಆಡಿದ ರೀತಿಯನ್ನು ನೋಡಿದರೆ ಈ ತಂಡ ಒಳ್ಳೆಯದು’ ಎಂಬುದು ನಯ. ‘ಕಪ್ಪು ನಮ್ಮದೇ’ ಎಂಬುದು ದುರ್ನಯ. ಡಿಸೆಂಬರಿನ ‘ಎಲ್ಲ ಮುಗಿಯಿತು’ ಎಂಬುದೂ ದುರ್ನಯವೇ, ಅದಕ್ಕೆ ವಿವೇಕದ ಮುಖವಾಡವಿದ್ದರೂ ಸಹ. ಆಶಾವಾದಿಯನ್ನು ಹಳಿಯುವ ನಿರಾಶಾವಾದಿಗೆ ಲೋಕದಲ್ಲಿ ಜಾಣನೆಂಬ ಹೆಸರು ಸುಲಭವಾಗಿ ಬರುತ್ತದೆ. ಆ ವರ್ಷದ ಜನವರಿ, ಫೆಬ್ರವರಿಗಳಲ್ಲಿ ಅವನಷ್ಟು ತಪ್ಪಿದವರು ಬೇರೆ ಇರಲಿಲ್ಲ.

ಇದೆಲ್ಲ ಆಟಕ್ಕೆ ಸಂಬಂಧಿಸಿದ್ದೆಂದು ಗೃಹಸ್ಥರು ಉದಾಸೀನ ತಾಳುವಂತಿಲ್ಲ. ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯೂ ಋತುವಿಗೆ ಮುಂಚಿನ ಪಂದ್ಯವೇ. ಮಗುವಿಗೆ ಯಾವ ಪಾಠದಲ್ಲಿ ಕೊರತೆಯಿದೆಯೆಂದು ಕಂಡುಕೊಳ್ಳಲು ಅದನ್ನು ನಡೆಸುತ್ತಾರೆ. ಅದರಲ್ಲಿ ತೊಂಬತ್ತು ಬಂದಿತೆಂದು ತಂದೆ ಅಂಗಡಿಯಲ್ಲಿ ಹೇಳುತ್ತಾನೆ, ತಾಯಿ ತವರಿಗೆ ತಿಳಿಸುತ್ತಾಳೆ, ಯಾವ ಕಾಲೇಜೆಂಬ ಚರ್ಚೆ ಊಟದ ಹೊತ್ತಿನಲ್ಲಿ ನಡೆಯುತ್ತದೆ. ಮಗು ಆ ಮಾತುಗಳನ್ನೆಲ್ಲ ಕೇಳುತ್ತ ತಲೆ ತಗ್ಗಿಸಿ ಊಟ ಮಾಡುತ್ತದೆ. ಅದು ಯಾರಿಗೂ ಏನನ್ನೂ ಹೇಳಿಲ್ಲ. ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಎಪ್ಪತ್ತು ಬಂದಾಗ ‘ನಮ್ಮ ಮರ್ಯಾದೆ ಕಳೆದೆ’ ಎಂಬ ಮಾತು ಹೊರಡುತ್ತದೆ. ಆ ಮರ್ಯಾದೆಯನ್ನು ಅಂಗಡಿಯಲ್ಲಿ ಅಡವಿಟ್ಟವರು ಯಾರೆಂದು ಯೋಚಿಸುವ ಸ್ಥಿತಿಯಲ್ಲಿ ಆ ಗಳಿಗೆಯಲ್ಲಿ ಯಾರೂ ಇರುವುದಿಲ್ಲ. ಫಲಿತಾಂಶದ ದಿನಗಳಲ್ಲಿ ಪತ್ರಿಕೆಗಳಲ್ಲಿ ಬರುವ ದುಃಖದ ಸುದ್ದಿಗಳನ್ನು ಓದಿದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಸದಿಗಳ ಆಡಳಿತ ಮಂಡಳಿಗಳಲ್ಲಿಯೂ ಇದರ ಸೌಮ್ಯವಾದ ರೂಪವೊಂದಿದೆ. ಜೀರ್ಣೋದ್ಧಾರದ ಮೊದಲ ಸಭೆಯಲ್ಲಿ ಉತ್ಸಾಹದಿಂದ ಕೈಯೆತ್ತಿದವರ ಮೊತ್ತವನ್ನು ಕೂಡಿಸಿ, ಅದೇ ವೇಗದಲ್ಲಿ ಹಣ ಬರುತ್ತದೆಂದು ಶಿಲ್ಪಿಗೆ ಮುಂಗಡ ಕೊಟ್ಟು ಹಳೆಯ ಚಾವಣಿ ಬಿಚ್ಚಿಸಿದರೆ ಮಳೆಗಾಲದಲ್ಲಿ ನೆನೆಯುವುದು ಗರ್ಭಗೃಹ. ಇಲ್ಲಿ ವಾಗ್ದಾನ ನಿಜವಾಗಿಯೇ ಇತ್ತೆಂಬುದು ವ್ಯತ್ಯಾಸ. ಆದರೆ ಕೈಯೆತ್ತದವರಿಂದಲೂ ಅಷ್ಟೇ ಬರುತ್ತದೆಂದು ಎಣಿಸಿದ ಭಾಗ ಅಭಿಮಾನಿಯ ಲೆಕ್ಕಕ್ಕೆ ಸೇರಿದ್ದು.

ಹಾಗಾದರೆ ಋತುವಿಗೆ ಮುಂಚೆ ಆಶೆಯನ್ನೇ ಪಡಬಾರದೆ? ಹಾಗೆ ಹೇಳುವುದು ಮನುಷ್ಯಸ್ವಭಾವಕ್ಕೆ ಒಗ್ಗದ ಮಾತು. ಅದರಿಂದ ಯಾರಿಗೂ ಹಿತವಿಲ್ಲ. ಆಶೆಯೆಂಬ ಶಬ್ದಕ್ಕೆ ಕನ್ನಡದಲ್ಲಿ ಲೋಭವೆಂಬ ಅರ್ಥವೂ ಇದೆ, ಹಾರೈಕೆಯೆಂಬ ಅರ್ಥವೂ ಇದೆ. ‘ನನಗೆ ಸಿಗಬೇಕು’ ಎಂಬುದು ಮೊದಲನೆಯದು. ‘ಅವರಿಗೆ ಒಳ್ಳೆಯದಾಗಲಿ’ ಎಂಬುದು ಎರಡನೆಯದು. ಅಭಿಮಾನಿಯ ಎದೆಯಲ್ಲಿ ಇವೆರಡೂ ಒಂದೇ ನೀಲಿ ಬಣ್ಣದಲ್ಲಿರುವುದರಿಂದ ಯಾವುದು ಯಾವುದೆಂದು ಅವನಿಗೇ ತಿಳಿಯುವುದಿಲ್ಲ. ತಂಡ ಸೋಲುತ್ತಿರುವಾಗ ಮಾತ್ರ ಅವು ಬೇರ್ಪಡುತ್ತವೆ.

ಇನ್ನೊಂದು ಸಂದರ್ಭದಲ್ಲಿಯೂ ಅವು ಬೇರ್ಪಟ್ಟವು. 2025ರ ಏಪ್ರಿಲ್ 12ರಂದು ಕೊಲ್ಕತ್ತದಲ್ಲಿ ಹೆಚ್ಚುವರಿ ಅವಧಿಯಲ್ಲಿ 1-2ರಿಂದ ಅಂತಿಮ ಪಂದ್ಯವನ್ನು ಸೋತ ಬೆಂಗಳೂರು ತಂಡದ ಅಭಿಮಾನಿಗಳು ಮುಂದಿನ ಋತುವಿನ ಲೆಕ್ಕವನ್ನು ಆರಂಭಿಸಿದ್ದರು. ಯಾರು ಉಳಿಯುತ್ತಾರೆ, ಯಾರು ಬರುತ್ತಾರೆ, ಸಿದ್ಧತೆಯ ಪಂದ್ಯಗಳೆಲ್ಲಿ, ಎಲ್ಲವೂ ಆ ಲೆಕ್ಕದಲ್ಲಿತ್ತು. ಜುಲೈ 11ರಂದು ಲೀಗಿನ ಸಂಘಟಕರು, ಫುಟ್‌ಬಾಲ್ ಒಕ್ಕೂಟದೊಡನೆ ತಮಗಿದ್ದ ಒಪ್ಪಂದ ನವೀಕರಣಗೊಳ್ಳದ ಕಾರಣ, ಋತುವನ್ನೇ ತಡೆಹಿಡಿದಿರುವುದಾಗಿ ತಿಳಿಸಿದರು. ಆಗಸ್ಟ್ ಮೊದಲ ವಾರ ಕ್ಲಬ್ಬು ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿತು. ಸೆಪ್ಟೆಂಬರ್ ಕಳೆಯಿತು, ವರ್ಷವೂ ಮುಗಿಯಿತು. ಲೀಗಿನ ಒಂದು ಪಂದ್ಯವೂ ನಡೆಯಲಿಲ್ಲ. ಗೆಲುವಿನ ಲೆಕ್ಕಕ್ಕೆ ಆಗ ಆಧಾರವಾಗಬಲ್ಲ ಯಾವುದೂ ಉಳಿದಿರಲಿಲ್ಲ. ಕಪ್ಪಿನ ಮಾತನ್ನು ಬಿಟ್ಟು, ಸಂಬಳ ನಿಂತರೆ ಆ ಹುಡುಗರ ಮನೆ ನಡೆಯುವುದು ಹೇಗೆಂದು ಅಭಿಮಾನಿ, ಬಹುಶಃ ಮೊದಲ ಬಾರಿಗೆ, ಕೇಳತೊಡಗಿದನು.