ಹಂಸವೂ ಹೆಬ್ಬಾತೂ

ನೀರನ್ನುಳಿದು ಹಾಲನ್ನಷ್ಟೇ ಹೀರುವ ಹಕ್ಕಿ ಯಾವುದೆಂದು ಕೇಳಿದರೆ ಇಡಿಯ ತರಗತಿ ಒಂದೇ ಕಂಠದಿಂದ ‘ಹಂಸ’ ಎನ್ನುವುದು. ಅದರ ಚಿತ್ರ ಬರೆಯಿರೆಂದರೆ ಬಿಲ್ಲಿನಂತೆ ಬಾಗಿದ ನೀಳ ಕೊರಳಿನ ಅಚ್ಚಬಿಳಿಯ ಹಕ್ಕಿಯೊಂದನ್ನು ಮಕ್ಕಳು ಬರೆದುಕೊಡುವರು. ಅದು ಇಂಗ್ಲಿಷರ ‘ಸ್ವಾನ್’. ‘ಗೂಸ್’ ಎಂಬುದಕ್ಕಾದರೋ ನಾವು ಹೆಬ್ಬಾತು ಎಂದು ಅರ್ಥ ಹೇಳಿಕೊಡುತ್ತೇವೆ. ಹಂಸಕ್ಕೆ ಕೈಮುಗಿಯುತ್ತೇವೆ, ಬಾತನ್ನು ಕಂಡು ನಗುತ್ತೇವೆ. ಈ ಎಣಿಕೆ ಸರಿಯೆ? ಸರಿಯಲ್ಲವಾದರೆ, ಹಂಸದ ಹೆಸರಿನಲ್ಲಿ ನಾವು ಕಲಿಸುತ್ತ ಬಂದ ವಿವೇಕದ ಗತಿಯೇನು?

ಮೊದಲು ಹಕ್ಕಿಗಳನ್ನು ನೋಡೋಣ. ಸ್ವಾನ್, ಹೆಬ್ಬಾತು, ಬಾತು ಇವೆಲ್ಲ ಒಂದೇ ಕುಟುಂಬದವು. ಸ್ವಾನ್ ಗಾತ್ರದಲ್ಲಿ ದೊಡ್ಡದು. ನೀರಿನಲ್ಲಿ ತೇಲುತ್ತ, ನೀಳವಾದ ಕೊರಳನ್ನು ಮುಳುಗಿಸಿ ಜಲಸಸ್ಯಗಳನ್ನು ಕಿತ್ತು ತಿನ್ನುವುದು ಅದರ ಕ್ರಮ. ಹೆಬ್ಬಾತಿನ ಕೊರಳು ಅಷ್ಟು ಉದ್ದವಲ್ಲ; ಕಾಲುಗಳು ನಡಿಗೆಗೆ ಒಗ್ಗಿದವು; ದಡದ ಹುಲ್ಲನ್ನೂ ಹೊಲದ ಪೈರನ್ನೂ ಅದು ದನದಂತೆ ಮೇಯುತ್ತದೆ. ಸ್ವಾನ್ ಶೀತದೇಶಗಳ ಹಕ್ಕಿ. ಭಾರತದ ವಾಯವ್ಯ ಭಾಗಕ್ಕೆ ಚಳಿಗಾಲದಲ್ಲಿ ಎಂದೋ ಒಮ್ಮೆ ಬರುವ ಅಪರೂಪದ ಅತಿಥಿ. ಹೆಬ್ಬಾತು ಮಾತ್ರ ವರ್ಷವರ್ಷವೂ ಕನ್ನಡನಾಡಿಗೆ ಬರುತ್ತದೆ. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆ ಈ ಅತಿಥಿಗಳಿಗಾಗಿಯೇ ಹೆಸರಾದುದು. ಬೂದುಬಣ್ಣದ ಮೈ, ಬಿಳಿಯ ತಲೆ, ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟಿ, ಇದು ಅದರ ಗುರುತು. ಟಿಬೆಟ್ಟು, ಮಂಗೋಲಿಯಗಳ ಸರೋವರಗಳಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ ಅದು ಇಲ್ಲಿಗೆ ಇಳಿಯುತ್ತದೆ. ಅದರ ಮೈಗೆ ಕಟ್ಟಿದ ಉಪಕರಣಗಳು 7,000 ಮೀಟರಿಗೂ ಮಿಕ್ಕಿದ ಎತ್ತರದ ಹಾರಾಟವನ್ನು ದಾಖಲಿಸಿವೆ. ಆ ತೆಳುವಾದ ಗಾಳಿಯಲ್ಲಿಯೂ ಪ್ರಾಣವಾಯುವನ್ನು ಹಿಡಿದುಕೊಳ್ಳಬಲ್ಲ ಶಕ್ತಿ ಅದರ ರಕ್ತಕ್ಕಿದೆ.

ಇನ್ನು ಶಬ್ದಗಳು. ಸಂಸ್ಕೃತದ ‘ಹಂಸ’, ಲ್ಯಾಟಿನಿನ ‘ಆನ್ಸೆರ್’, ಜರ್ಮನಿನ ‘ಗಾನ್ಸ್’, ಇಂಗ್ಲಿಷಿನ ‘ಗೂಸ್’ ಇವು ಒಂದೇ ಮೂಲದಿಂದ ಬಂದ ಅಕ್ಕತಂಗಿಯರು; ಸಂಸ್ಕೃತದ ಹೊರಗೆ ಇವುಗಳಿಗೆಲ್ಲ ಹೆಬ್ಬಾತೆಂದೇ ಅರ್ಥ. ‘ಸ್ವಾನ್’ ಎಂಬುದು ಈ ಮನೆತನದ್ದಲ್ಲ; ಅದನ್ನು ಧ್ವನಿಯೆಂಬ ಅರ್ಥದ ನಮ್ಮ ‘ಸ್ವನ’ ಶಬ್ದದ ಬಳಗಕ್ಕೆ ಸೇರಿಸುವುದುಂಟು. ಇಂದು ಅಂಚೆಯೆಂದೊಡನೆ ನಮಗೆ ಕಾಗದ ನೆನಪಾಗುವುದಾದರೂ ಹಳಗನ್ನಡದಲ್ಲಿ ಅದು ಹಂಸದ ತದ್ಭವ. ತಮಿಳಿನಲ್ಲಿ ಹಂಸ ‘ಅನ್ನ’ವಾಯಿತು, ಮುಳ್ಳೇರಿಯದ ನಮ್ಮ ಮಕ್ಕಳು ಮಲೆಯಾಳದಲ್ಲಿ ಕೇಳುವ ‘ಅರಯನ್ನ’ ರಾಜಹಂಸವೇ. ಅಮರಸಿಂಹನು ರಾಜಹಂಸಕ್ಕೆ ಕೆಂಪು ಕೊಕ್ಕು, ಕೆಂಪು ಕಾಲುಗಳನ್ನು ಹೇಳಿದ್ದಾನೆ. ಉತ್ತರದೇಶಗಳ ಬಿಳಿಯ ಸ್ವಾನಿಗೆ ಸಾಮಾನ್ಯವಾಗಿ ಕಪ್ಪು ಕಾಲು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯ ಕೆಳಪಟ್ಟಿಕೆಗಳಲ್ಲಿ ಸಾಲುಗೊಂಡು ಕಾಲೂರಿ ನಡೆಯುವ ಹಂಸಗಳಿಗೂ ಸ್ವಾನಿನ ಆ ನೀಳ ಕೊರಳಿಲ್ಲ. ಡಚ್ ವಿದ್ವಾಂಸ ಫೋಗೆಲ್ 1962ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಭಾರತೀಯ ಸಾಹಿತ್ಯ, ಶಿಲ್ಪಗಳ ಹಂಸವು ಹೆಬ್ಬಾತೆಂದೇ ಪ್ರತಿಪಾದಿಸಿದನು.

ಹಾಗಾದರೆ ಸ್ವಾನ್ ಎಲ್ಲಿಂದ ಬಂತು? ಇಂಗ್ಲಿಷಿನಲ್ಲಿ ‘ಗೂಸ್’ ಎಂದರೆ ಹೆಡ್ಡನೆಂದೂ ಅರ್ಥವುಂಟು. ಬ್ರಹ್ಮನ ವಾಹನಕ್ಕೆ ಆ ಹೆಸರು ಹೇಳಲು ಭಾಷಾಂತರಕಾರರಿಗೆ ಸಂಕೋಚವಾದುದು ಸಹಜವೇ. ಅವರ ಸಂಕೋಚವನ್ನು ನಾವು ಪಾಠವಾಗಿ ಓದಿದೆವು. ಸಾಯುವ ಮುನ್ನ ಸ್ವಾನ್ ಹಾಡುವುದೆಂಬ ಗ್ರೀಕರ ನಂಬಿಕೆಯೂ ಹೀಗೆಯೇ ಹಂಸದ ಪಾಲಿಗೆ ಬಂತು, ತ. ರಾ. ಸು. ಅವರ ಕಾದಂಬರಿ ‘ಹಂಸಗೀತೆ’ಯ ಹೆಸರಿನಲ್ಲಿ ಆ ಪರದೇಶದ ಹಕ್ಕಿಯ ನೆರಳಿದೆ. ಹೊಸ ಅರ್ಥ ಬಂದುದು ತಪ್ಪಲ್ಲ. ಶಬ್ದಗಳು ಬೆಳೆಯುವುದು ಹಾಗೆಯೇ. ಆದರೆ ಹೊಸ ಹಕ್ಕಿಯನ್ನು ಒಳಗೆ ಕುಳ್ಳಿರಿಸಿ ಹಳೆಯದನ್ನು ಹೊರಗೆ ಹಾಕಿದೆವೆಂಬುದು ಮರೆಯಬಾರದ ಸಂಗತಿ.

ಹಾಲುನೀರಿನ ಮಾತೊಂದು ಉಳಿಯಿತು. ಸ್ವಾನಾಗಲಿ ಹೆಬ್ಬಾತಾಗಲಿ ಹಾಲನ್ನು ನೀರಿನಿಂದ ಬೇರ್ಪಡಿಸದು. ಶುಕ್ಲಯಜುರ್ವೇದದಲ್ಲಿ ನೀರಿನಿಂದ ಹಾಲನ್ನು ಕುಡಿದ ಕೀರ್ತಿ ಕ್ರೌಂಚದ್ದು, ಹಂಸವು ಕುಡಿದುದು ಸೋಮವನ್ನು. ನೀರಿರುವಲ್ಲೆಲ್ಲ ಹಂಸವನ್ನು ವರ್ಣಿಸುವುದು ಕವಿಸಮಯವೆಂದು ರಾಜಶೇಖರನು ಸ್ಪಷ್ಟವಾಗಿ ಹೇಳಿದ್ದಾನೆ. ಇಲ್ಲದುದನ್ನು ಕಟ್ಟುತ್ತಿದ್ದೇವೆಂಬ ಎಚ್ಚರ ಪ್ರಾಚೀನರಿಗಿತ್ತು.

ಇದನ್ನು ಮಕ್ಕಳಿಗೆ ಹೇಳಿದರೆ ಅವರ ಶ್ರದ್ಧೆ ಕೆಡದೆ ಎಂದು ಕೆಲವರು ಕೇಳಬಹುದು. ವಿಚಾರಿಸಿ ನೋಡಿ. ಜರಡಿಯು ಅಕ್ಕಿಯಿಂದ ನುಚ್ಚನ್ನು ಬೇರ್ಪಡಿಸುತ್ತದೆ, ಜರಡಿಯನ್ನು ವಿವೇಕಿಯೆಂದವರಿಲ್ಲ. ಹಂಸವು ಕೊಕ್ಕಿನ ಗುಣದಿಂದಲೇ ಹಾಲನ್ನು ಬೇರ್ಪಡಿಸುತ್ತಿದ್ದರೆ ಅದೂ ಒಂದು ಜರಡಿಯೇ. ತಪ್ಪಬಲ್ಲವನು ತಪ್ಪದಿರಲು ಪಡುವ ಶ್ರಮ ವಿವೇಕ. ನೀರೇ ರುಚಿಯಾಗಿರುವಾಗ ಹಾಲನ್ನು ಆರಿಸುವ ಧೈರ್ಯ ವಿವೇಕ. ಅದು ಹಕ್ಕಿಯ ಸೊತ್ತಾಗಿರಲೇ ಇಲ್ಲ, ಮನುಷ್ಯನ ಕರ್ತವ್ಯವಾಗಿತ್ತು. ಕಲ್ಪನೆಯೆಂದು ತಿಳಿದ ಮೇಲೆ ಆ ಕರ್ತವ್ಯವನ್ನು ಹಕ್ಕಿಯ ಮೇಲೆ ಹೊರಿಸಿ ನಾವು ಸುಮ್ಮನಿರುವಂತಿಲ್ಲ.

ಇದಕ್ಕಿಂತ ನನ್ನನ್ನು ಕಾಡುವ ಸಂಗತಿ ಬೇರೊಂದಿದೆ. ಹಿಮಾಲಯವನ್ನು ದಾಟಿ ಬರುವ ಹಕ್ಕಿಯನ್ನು ಬಾತೆಂದು ಕಡೆಗಣಿಸಿ, ಇಲ್ಲಿಗೆ ಬಾರದ ಹಕ್ಕಿಯನ್ನು ಹಂಸವೆಂದು ಪೂಜಿಸಿದೆವು. ನಮ್ಮ ಗೌರವ ಸಂದುದು ಹೆಸರಿಗೆ, ಹಾರಾಟಕ್ಕಲ್ಲ. ಹಾಜರಿ ಪುಸ್ತಕದ ಮುಂದೆ ಕುಳಿತ ಅಧ್ಯಾಪಕನಿಗೂ ಈ ಅಪಾಯ ತಪ್ಪಿದ್ದಲ್ಲ. ಮಗುವಿನ ಹೆಸರು, ಮನೆತನ, ಆಡುವ ಭಾಷೆ ಇವನ್ನು ಕೇಳಿಯೇ ಇದು ಹಂಸ, ಇದು ಬಾತು ಎಂದು ಮನಸ್ಸು ತೀರ್ಪುಕೊಟ್ಟುಬಿಡುತ್ತದೆ. ಎಷ್ಟು ಮಕ್ಕಳ ರೆಕ್ಕೆಯ ಬಲವನ್ನು ಯಾರೂ ನೋಡದೆಯೇ ವರ್ಷಗಳು ಕಳೆದುಹೋಗುವುದಿಲ್ಲ!

ಆದುದರಿಂದ ಹಂಸದ ಪಾಠವನ್ನು ಬಿಡಬೇಕಾಗಿಲ್ಲ; ಪೂರ್ತಿಯಾಗಿ ಮಾಡೋಣ. ಕವಿಗಳ ಹಂಸವನ್ನೂ ಮಾಗಡಿ ಕೆರೆಯ ಹೆಬ್ಬಾತನ್ನೂ ಒಂದೇ ದಿನ ಮಕ್ಕಳ ಮುಂದಿಡೋಣ. ಇದರಲ್ಲಿ ಕಂಡ ಸತ್ಯವೆಷ್ಟು, ಕಟ್ಟಿದ ಸೊಗಸೆಷ್ಟು ಎಂದು ಅವರೇ ವಿಂಗಡಿಸಲಿ.