ಗುಣವುಳ್ಳ ಗಾಡಿ

ಮನುಷ್ಯರ ವಿಷಯದಲ್ಲಿ ‘ಗುಣ’ ಎಂಬುದು ಹೊಗಳಿಕೆಯ ಮಾತು. ಹಳೆಯ ಮೋಟಾರು ಸೈಕಲ್ಲಿನ ವಿಷಯದಲ್ಲಾದರೋ ಅದು ಬಹುಮಟ್ಟಿಗೆ ಕ್ಷಮಾಪಣೆಯ ಮಾತು. ಮಾರುವವನು ಸೀಟಿನ ಮೇಲೆ ಕೈಯಿಟ್ಟು, “ಇದಕ್ಕೆ ಒಂದು ಗುಣವಿದೆ ಸ್ವಾಮಿ” ಎಂದನೆಂದರೆ, ಚಳಿಗಾಲದ ಬೆಳಗ್ಗೆ ಅದು ಒಂದೇ ಒದೆತಕ್ಕೆ ಹೊರಡುವುದಿಲ್ಲವೆಂದು ತಿಳಿಯಬೇಕು. “ಗುಣ ಬಲ್ಲವರಿಗೆ ಮಾತ್ರ ಒಗ್ಗುತ್ತದೆ” ಎಂದನೆಂದರೆ, ಹಿಂದಿನ ಮೂವರು ಯಜಮಾನರಿಗೆ ಅದು ಒಗ್ಗಲಿಲ್ಲವೆಂದು ಅರ್ಥ. ಇಷ್ಟೆಲ್ಲ ತಿಳಿದಿದ್ದೂ ಕೊಳ್ಳುವವರು ಆ ಮಾತಿಗೆ ಮರುಳಾಗುತ್ತಾರೆ. ಅದೇ ದುಡ್ಡಿಗೆ ಯಾವ ತಕರಾರೂ ಇಲ್ಲದ ಹೊಸ ಗಾಡಿ ಸಿಕ್ಕುವಾಗ, ದೋಷವನ್ನು ಹುಡುಕಿಕೊಂಡು ಹೋಗಿ ಕೊಳ್ಳುವ ಈ ಆಸೆ ಎಂಥದು? ಇದು ವಿವೇಕವೋ, ವ್ಯಾಮೋಹವೋ?

ನನ್ನ ಪಾಲಿಗೆ ಇದು ಬರಿಯ ತರ್ಕದ ಪ್ರಶ್ನೆಯಾಗಿ ಬರಲಿಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮೋಟಾರು ಸೈಕಲ್ಲಿನ ಮೇಲೆ ದೂರದೂರ ತಿರುಗಿದವನು ನಾನು. ಮಲ್ಲೇಶ್ವರದಲ್ಲಿ ಮನೆಯಿದ್ದವನಿಗೆ ಈ ಚಾಳಿ ಹತ್ತುವುದು ಸುಲಭ. ಯಶವಂತಪುರ ದಾಟಿದರೆ ತುಮಕೂರು ರಸ್ತೆ. ನೆಲಮಂಗಲದಲ್ಲಿ ಎಡಕ್ಕೆ ತಿರುಗಿದರೆ ಹಾಸನ, ಶಿರಾಡಿ ಘಾಟಿ, ಕರಾವಳಿ. ನೇರವಾಗಿ ಹೋದರೆ ಚಿತ್ರದುರ್ಗ, ಹುಬ್ಬಳ್ಳಿ. ಊರು ಕಣ್ಣು ಬಿಡುವ ಮೊದಲೇ ಊರಿನಿಂದ ಹೊರಗಿರಬಹುದು.

ಆ ವರ್ಷಗಳಲ್ಲಿ ನನ್ನನ್ನು ಹೊತ್ತ ಗಾಡಿ ಬಹಳ ಒಳ್ಳೆಯದು. ಗುಂಡಿ ಒತ್ತಿದರೆ ಹೊರಡುತ್ತಿತ್ತು, ಹಿಡಿದರೆ ನಿಲ್ಲುತ್ತಿತ್ತು. ಮಳೆಗಾಲದ ಆಗುಂಬೆಯಲ್ಲಾಗಲಿ ಬೇಸಗೆಯ ರಾಯಚೂರಿನಲ್ಲಾಗಲಿ ಅದು ನನಗೆ ತೊಂದರೆ ಕೊಟ್ಟದ್ದಿಲ್ಲ. ಆದುದರಿಂದ ಅದರ ವಿಚಾರವಾಗಿ ಹೇಳಲು ನನ್ನಲ್ಲಿ ಒಂದು ಕಥೆಯೂ ಇಲ್ಲ. ನೆನಪಿರುವುದೆಲ್ಲ ದಾರಿ, ಊರು, ಚಹದ ಅಂಗಡಿ; ಗಾಡಿಯಲ್ಲ. ದೂರದ ಪ್ರಯಾಣಕ್ಕೆ ತಕ್ಕದ್ದು ಅಂಥ ಗಾಡಿಯೇ. ಒಳ್ಳೆಯ ಕನ್ನಡಕದಲ್ಲಿ ನಮಗೆ ಕಾಣುವುದು ಲೋಕ. ಕನ್ನಡಕವೇ ಕಾಣತೊಡಗಿತೆಂದರೆ ಅದನ್ನು ಒರೆಸಬೇಕಾಗಿದೆ ಎಂದು ಅರ್ಥ.

ಈಗ ಬೆನ್ನೂ ಮಂಡಿಯೂ ನನ್ನ ಪ್ರಯಾಣದ ಗಡಿಯನ್ನು ಹತ್ತಿರಕ್ಕೆ ತಂದಿವೆ. ಬೆಳಗ್ಗೆ ಸ್ಯಾಂಕಿ ಕೆರೆಯ ಸುತ್ತ ಒಂದು ಸುತ್ತು. ಬಹಳವಾದರೆ ನಂದಿ ಬೆಟ್ಟ. ದೂರದ ಗಾಡಿಯನ್ನು ಮಾರಿದೆ. ದಾರಿ ಕಡಿಮೆಯಾದಾಗ ಗಾಡಿಯ ಮೇಲೆ ಮನಸ್ಸು ಹೋಗುವುದು ಸಹಜವೆಂದು ಕಾಣುತ್ತದೆ. ಎಲ್ಲಿಗೂ ತಲುಪಬೇಕಾಗಿಲ್ಲದವನಿಗೆ, ಜೊತೆ ಯಾರೆಂಬುದು ಮುಖ್ಯವಾಗುತ್ತದೆ. ಹಳೆಯದೊಂದು, ಗುಣವುಳ್ಳದ್ದೊಂದು ಬೇಕೆನ್ನಿಸಿತು. ನಾಲ್ಕಾರು ಕಡೆ ನೋಡಿದ ಮೇಲೆ ಎರಡು ಗಾಡಿ ಮನಸ್ಸಿನಲ್ಲಿ ಉಳಿದುವು: ಒಂದು ಯೆಜ್ಡಿ, ಒಂದು ಬುಲೆಟ್.

ಯೆಜ್ಡಿ ನಮ್ಮ ಮೈಸೂರಿನ ಕೂಸು. ೧೯೨೯ರಲ್ಲಿ ಪ್ರಾಗ್ ನಗರದ ಯಾನೆಚೆಕ್ ಎಂಬಾತ, ವಾಂಡರರ್ ಎಂಬ ಜರ್ಮನ್ ಮೋಟಾರು ಸೈಕಲ್ಲನ್ನು ತಯಾರಿಸುವ ಹಕ್ಕು ಪಡೆದು, ತನ್ನ ಹೆಸರಿನ ತಲೆಯನ್ನೂ ಅದರ ಹೆಸರಿನ ತಲೆಯನ್ನೂ ಜೋಡಿಸಿ ‘ಜಾವಾ’ ಎಂದು ಹೆಸರಿಟ್ಟ. ೧೯೬೧ರಿಂದ ಆ ಗಾಡಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಯಿತು. ೧೯೭೩ರಿಂದ ಯೆಜ್ಡಿ ಎನ್ನಿಸಿಕೊಂಡಿತು. ೧೯೯೬ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ೨೦೧೮ರಲ್ಲಿ ಜಾವಾ, ೨೦೨೨ರಲ್ಲಿ ಯೆಜ್ಡಿ ಹೆಸರುಗಳು ಮರಳಿ ಬಂದುವಾದರೂ ಆ ಹೆಸರಿನ ಕೆಳಗಿರುವುದು ಬೇರೆ ಬಗೆಯ ಎಂಜಿನು. ಹಳೆಯದರ ನಡವಳಿಕೆಯೇ ಬೇರೆ. ಅದರಲ್ಲಿ ಕಿಕ್ಕಿಗೂ ಗೇರಿಗೂ ಒಂದೇ ಸನ್ನೆ. ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿ ಒದ್ದರೆ ಎಂಜಿನು ಏಳುತ್ತದೆ. ಮುಂದಕ್ಕೆ ಇಳಿಸಿದರೆ ಅದೇ ಸನ್ನೆ ಗೇರು ಬದಲಾಯಿಸುತ್ತದೆ. ಒಂದೇ ಸಿಲಿಂಡರು, ಆದರೆ ಎರಡು ಸೈಲೆನ್ಸರು. ಪೆಟ್ರೋಲಿನಲ್ಲೇ ಎಣ್ಣೆಯನ್ನು ಅಳೆದು ಬೆರೆಸಬೇಕು. ಘಾಟಿ ಇಳಿಯುವಾಗ ಥ್ರಾಟಲನ್ನು ಪೂರ್ತಿ ಮುಚ್ಚಿಕೊಂಡು ಉರುಳಿಬಿಡುವಂತಿಲ್ಲ. ಪೆಟ್ರೋಲು ನಿಂತರೆ ಅದರೊಡನೆ ಬರುವ ಎಣ್ಣೆಯೂ ನಿಂತು ಪಿಸ್ಟನ್ನು ಒಣಗುತ್ತದೆ. ನಡುನಡುವೆ ಒಂದು ಗುಟುಕು ಕುಡಿಸುತ್ತ ಇಳಿಯಬೇಕು.

ಬುಲೆಟ್ ೧೯೫೫ರಲ್ಲಿ ಸೈನ್ಯದ ಕೆಲಸಕ್ಕಾಗಿ ಮದರಾಸಿಗೆ ಬಂದ ವಂಶ. ಅದರ ಹಳೆಯ ಮಾದರಿಗಳಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಬೇರೆ ಗಾಡಿಗಳಲ್ಲಿ ಪಳಗಿದ ಕಾಲು ಮೊದಲಿಂದ ಅಕ್ಷರಾಭ್ಯಾಸ ಮಾಡಬೇಕು. ಅದನ್ನು ಎಬ್ಬಿಸುವುದಕ್ಕೂ ಒಂದು ವಿಧಿಯುಂಟು. ಒತ್ತಡ ಬಿಡಿಸುವ ಚಿಕ್ಕ ಸನ್ನೆಯನ್ನು ಹಿಡಿದು, ಕಿಕ್ಕನ್ನು ಮೆಲ್ಲಗೆ ಇಳಿಸುತ್ತ, ಆಮ್‌ಮೀಟರಿನ ಮುಳ್ಳು ನಡುವಿಗೆ ಬರುವವರೆಗೆ ಕಾದು, ಆಮೇಲೆ ಒದೆಯಬೇಕು. ಅವಸರಪಟ್ಟವನಿಗೆ ಅದು ತಿರುಗಿ ಒದೆಯುವುದೂ ಉಂಟು.

ಇವೆಲ್ಲ ಗುಣವೆಂದೇ ಒಪ್ಪೋಣ. ಆದರೆ ಆ ಗುಣ ಇರುವುದೆಲ್ಲಿ? ಗ್ರೀಕ್ ದೊರೆ ಮಿಲಿಂದನಿಗೂ ಭಿಕ್ಷು ನಾಗಸೇನನಿಗೂ ನಡೆದ ಸಂವಾದ ಪಾಲಿಯ ‘ಮಿಲಿಂದಪನ್ಹ’ದಲ್ಲಿದೆ. ದೊರೆ ರಥದಲ್ಲಿ ಬಂದಿದ್ದ. ಅಚ್ಚು ರಥವೆ, ಗಾಲಿ ರಥವೆ, ನೊಗ ರಥವೆ ಎಂದು ನಾಗಸೇನ ಒಂದೊಂದಾಗಿ ಕೇಳಿ, ಯಾವುದೂ ರಥವಲ್ಲ, ಇವೆಲ್ಲ ಕೂಡಿದಾಗ ನಾವು ಇಡುವ ಹೆಸರು ರಥ ಎಂದು ದೊರೆಯಿಂದಲೇ ಒಪ್ಪಿಸುತ್ತಾನೆ. ನಾನು ನೋಡಿದ ಯೆಜ್ಡಿಯ ಮುಂದೆ ನಾಗಸೇನನನ್ನು ನಿಲ್ಲಿಸಿದ್ದರೆ ಅವನ ಕೆಲಸ ಇನ್ನೂ ಹಗುರವಾಗುತ್ತಿತ್ತು. ಅದರ ಟ್ಯಾಂಕು ಇನ್ನೊಂದು ಗಾಡಿಯದು, ಸೈಲೆನ್ಸರುಗಳು ಜೆ.ಸಿ. ರಸ್ತೆಯಿಂದ ಬಂದವು, ಪಿಸ್ಟನ್ನು ಎರಡು ಬಾರಿ ಬದಲಾಗಿದೆ. ಸರ್ಕಾರ ಮಾತ್ರ ಈ ತರ್ಕಕ್ಕೆ ಅಂಜುವುದಿಲ್ಲ. ನೋಂದಣಿ ಪುಸ್ತಕದಲ್ಲಿ ಶಾಸಿಯ ನಂಬರು, ಎಂಜಿನ್ನಿನ ನಂಬರು ಬರೆದಿರುತ್ತದೆ. ಅವು ತಾಳೆಯಾದರೆ ರಥವುಂಟು, ತಾಳೆಯಾಗದಿದ್ದರೆ ರಥವಿಲ್ಲ. ಹದಿನೈದು ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೊಮ್ಮೆ ಇದನ್ನು ಮತ್ತೆ ತೋರಿಸಿ ಮುದ್ರೆ ಹಾಕಿಸಬೇಕು.

ನನಗೆ ತೋರುವುದು ಇಷ್ಟು: ಗುಣ ಬಿಡಿಭಾಗದಲ್ಲಿಲ್ಲ, ನಂಬರಿನಲ್ಲೂ ಇಲ್ಲ, ಗಾಡಿ ನಮ್ಮಿಂದ ಕೇಳುವುದರಲ್ಲಿದೆ. ಹೊಸ ಗಾಡಿ ಎಲ್ಲವನ್ನೂ ತಾನೇ ಮಾಡಿಕೊಳ್ಳುತ್ತದೆ. ಸವಾರನಿಗೆ ಉಳಿಸುವುದು ಕೂರುವ ಕೆಲಸವೊಂದನ್ನೇ. ಹಳೆಯದು ಒಂದಷ್ಟು ಕೆಲಸವನ್ನು ನಮಗಾಗಿ ಬಿಟ್ಟಿರುತ್ತದೆ. ಎಣ್ಣೆ ಅಳೆಯುವುದು, ಮುಳ್ಳು ನೋಡುವುದು, ಸದ್ದಿಗೆ ಕಿವಿಗೊಡುವುದು. ಆ ಕೆಲಸ ಮಾಡುತ್ತ ಮಾಡುತ್ತ ನಮಗೆ ಅದರ ಪರಿಚಯವಾಗುತ್ತದೆ. ಪರಿಚಯಕ್ಕೆ ನಾವು ಗುಣವೆಂದು ಹೆಸರಿಡುತ್ತೇವೆ.

ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಹೆತ್ತವರಿಗೆ ಹೆಗ್ಗಣ ಮುದ್ದು. ಪ್ರೀತಿ ಹತ್ತಿದ ಮೇಲೆ ಎಲ್ಲ ದೋಷವೂ ಗುಣವಾಗಿಯೇ ಕಾಣುತ್ತದೆ. ಮಿತ್ರರೊಬ್ಬರ ಬಳಿ ಹಳೆಯ ಗಾಡಿಯೊಂದಿತ್ತು. ಅದರ ಮುಂದಿನ ಬ್ರೇಕು ಮನಸ್ಸು ಬಂದಾಗ ಹಿಡಿಯುತ್ತಿತ್ತು, ಬಾರದಿದ್ದಾಗ ಇಲ್ಲ. “ಅದರ ಸ್ವಭಾವವೇ ಹಾಗೆ” ಎಂದು ಅವರು ನಗುತ್ತಿದ್ದರು. ಚಾರ್ಮಾಡಿಯ ತಿರುವೊಂದರಲ್ಲಿ ಅವರ ಹಿಂದೆ ಬರುತ್ತಿದ್ದ ನನಗೆ, ಆ ಗಾಡಿ ಕಲ್ಲಿನ ಕಟ್ಟೆಯ ವರೆಗೆ ಹೋಗಿ ನಿಂತದ್ದನ್ನು ಕಂಡು ನಗು ಬರಲಿಲ್ಲ. ಅಂದಿನಿಂದ ನನ್ನ ಮನಸ್ಸಿನಲ್ಲಿ ಒಂದು ಗೆರೆ ಬಿದ್ದಿದೆ. ಸವಾರನಿಂದ ಕುಶಲತೆಯನ್ನು ಕೇಳುವ ದೋಷವನ್ನು ಗುಣವೆನ್ನಬಹುದು; ಅದೃಷ್ಟವನ್ನು ಕೇಳುವ ದೋಷವನ್ನು ಎನ್ನಬಾರದು. ಮುಳ್ಳು ನಡುವಿಗೆ ಬರುವುದನ್ನು ಕಾಯಲು ಕಲಿಯಬಹುದು. ಹಿಡಿಯದ ಬ್ರೇಕನ್ನು ಹಿಡಿಯುವಂತೆ ಮಾಡಲು ಯಾವ ಅಭ್ಯಾಸಕ್ಕೂ ಸಾಧ್ಯವಿಲ್ಲ. ಅದಕ್ಕೆ ಬೇಕಾದ್ದು ರಿಪೇರಿ.

ಈ ಗೆರೆಯ ಮೇಲೆ ಎರಡು ಗಾಡಿಯೂ ತೇರ್ಗಡೆಯಾದುವು. ನಿಜ ಹೇಳಬೇಕೆಂದರೆ ಯೆಜ್ಡಿಗೆ ಎರಡು ಅಂಕ ಹೆಚ್ಚೇ ಬಂತು. ನನ್ನ ತಾರುಣ್ಯದ ಬೀದಿಯ ಸದ್ದೇ ಅದು. ಅದರ ಎರಡು ಸೈಲೆನ್ಸರಿನ ಇಂಪನ್ನು ಅರ್ಧ ಫರ್ಲಾಂಗು ದೂರದಿಂದ ಗುರುತಿಸಬಲ್ಲೆ. ಮುಂಗಡ ಕೊಡುವುದೊಂದು ಬಾಕಿ. ಆಗ ಮೂರನೆಯ ಬಗೆಯ ದೋಷವೊಂದು ಕಣ್ಣಿಗೆ ಬಿತ್ತು. ಅದು ಕುಶಲತೆಯನ್ನೂ ಕೇಳುವುದಿಲ್ಲ, ಅದೃಷ್ಟವನ್ನೂ ಕೇಳುವುದಿಲ್ಲ. ಬೇರೆಯವರ ತಾಳ್ಮೆಯನ್ನು ಕೇಳುತ್ತದೆ.

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಸ ಪೆಟ್ರೋಲು ಒಳಕ್ಕೆ ಬರುವುದೂ ಹಳೆಯ ಹೊಗೆ ಹೊರಕ್ಕೆ ಹೋಗುವುದೂ ಬಹುಮಟ್ಟಿಗೆ ಒಂದೇ ಗಳಿಗೆಯಲ್ಲಿ. ಆ ನೂಕುನುಗ್ಗಲಿನಲ್ಲಿ ಸುಡದ ಪೆಟ್ರೋಲಿನ ಒಂದು ಪಾಲು ಹೊಗೆಯ ಜೊತೆಗೇ ಜಾರಿಕೊಳ್ಳುತ್ತದೆ. ಬೆರೆಸಿದ ಎಣ್ಣೆಯೂ ಸ್ವಲ್ಪ ಹೋಗುತ್ತದೆ. ಎಷ್ಟು ಸರಿಯಾಗಿ ಅಳೆದರೂ, ಎಷ್ಟು ಒಳ್ಳೆಯ ಮೇಸ್ತ್ರಿ ಕೈಹಾಕಿದರೂ, ಇದನ್ನು ಕಡಮೆ ಮಾಡಬಹುದೇ ಹೊರತು ಇಲ್ಲವೆನ್ನಿಸಲಾಗದು. ಇದು ಆ ಯಂತ್ರದ ಕಾಯಿಲೆಯಲ್ಲ, ಅದರ ಉಸಿರಾಟ. ನಮ್ಮ ಎದುರು ಮನೆಯಲ್ಲಿ ಉಬ್ಬಸದ ಹುಡುಗನೊಬ್ಬನಿದ್ದಾನೆ. ಅವನ ತಾಯಿ ನನಗೆ ಏನನ್ನೂ ಹೇಳುತ್ತಿರಲಿಲ್ಲ. ನಮ್ಮ ಬಡಾವಣೆಯಲ್ಲಿ ನೆರೆಯವರು ಬಾಯಿಬಿಟ್ಟು ಹೇಳುವುದು ಕಡಮೆ; ಕಿಟಕಿ ಮುಚ್ಚುತ್ತಾರೆ.

ಆಸೆಗೆ ವಕೀಲರ ಬರವಿಲ್ಲ. ಗಾಡಿಯನ್ನು ಬೀದಿಯ ಕೊನೆಯ ವರೆಗೆ ತಳ್ಳಿಕೊಂಡು ಹೋಗಿ ಅಲ್ಲಿ ಎಬ್ಬಿಸಬಹುದಲ್ಲ ಎಂದಿತು ಮನಸ್ಸು. ಆದರೆ ಬೀದಿಯ ಕೊನೆಯಲ್ಲೂ ಮನೆಗಳಿವೆ, ಅವಕ್ಕೂ ಕಿಟಕಿಗಳಿವೆ. ಅಲ್ಲಿನ ಮಕ್ಕಳ ಹೆಸರು ನನಗೆ ಗೊತ್ತಿಲ್ಲವೆಂಬುದಷ್ಟೇ ವ್ಯತ್ಯಾಸ. ಕೋಟಿ ವಾಹನ ದಾಟಿದ ಬೆಂಗಳೂರಿನಲ್ಲಿ ಒಂದು ಯೆಜ್ಡಿಯ ಹೊಗೆ ಯಾವ ಲೆಕ್ಕ ಎಂದಿತು. ದೊರೆಯ ಕೊಳಕ್ಕೆ ಊರವರೆಲ್ಲ ಒಂದೊಂದು ಚೊಂಬು ಹಾಲು ಹುಯ್ಯಬೇಕೆಂದಾಗ, ನನ್ನದೊಂದು ಚೊಂಬು ನೀರು ಯಾರಿಗೆ ತಿಳಿದೀತು ಎಂದು ಪ್ರತಿಯೊಬ್ಬನೂ ಯೋಚಿಸಿದ ಕಥೆಯನ್ನು ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿದ್ದೇವೆ. ಬೆಳಗಾದಾಗ ಕೊಳದಲ್ಲಿದ್ದದ್ದು ಬರಿಯ ನೀರು. ಹಳೆಯದನ್ನು ಉಳಿಸಿಕೊಂಡರೆ ಹೊಸದೊಂದನ್ನು ತಯಾರಿಸುವ ಕಬ್ಬಿಣ, ಇಂಧನ ಉಳಿಯುವುದಿಲ್ಲವೆ ಎಂದಿತು ಕೊನೆಗೆ. ಇದು ಒಪ್ಪತಕ್ಕ ಮಾತೇ. ಆದರೆ ಅದು ಹಳೆಯ ಗಾಡಿ ಯಾವುದಕ್ಕಾದರೂ ಸಲ್ಲುವ ವಾದ. ಯೆಜ್ಡಿಯೇ ಆಗಬೇಕೆಂದು ಅದು ಹೇಳುವುದಿಲ್ಲ.

ಹಾಗಾಗಿ ಬುಲೆಟ್ಟನ್ನು ತಂದೆ. ಅದೇನು ಪುಣ್ಯಕೋಟಿಯಲ್ಲ. ಪೆಟ್ರೋಲು ಅದೂ ಸುಡುತ್ತದೆ, ಹೊಗೆ ಅದೂ ಬಿಡುತ್ತದೆ. ಆದರೆ ಅದರ ಹೊಗೆಯನ್ನು ಅಳತೆಯೊಳಗೆ ಇಡುವುದು ಬಹುಪಾಲು ನನ್ನ ಕೈಯಲ್ಲಿದೆ. ವಯಸ್ಸಾದ ಎಂಜಿನ್ನು ಎಂದ ಮೇಲೆ ಎಣ್ಣೆ ತೊಟ್ಟಿಕ್ಕುವುದುಂಟು. ಬೆಳಗ್ಗೆ ಮನೆಮುಂದೆ ಇಟ್ಟ ರಂಗೋಲಿಯ ಮೇಲೆ ಅದು ಬೀಳದಂತೆ ಒಂದು ತಗಡಿನ ತಟ್ಟೆ ಇಟ್ಟಿದ್ದೇನೆ. ವಾರಕ್ಕೊಮ್ಮೆ ಅದನ್ನು ತೊಳೆಯುತ್ತೇನೆ. ಗುಡುಗಿನ ಸದ್ದು ಬರುವ ಸೈಲೆನ್ಸರು ಹಾಕಿಸಿಕೊಳ್ಳಿ, ಗಾಡಿಗೆ ಗುಣ ಬರುತ್ತದೆ ಎಂದು ಅಂಗಡಿಯವರು ಉಪದೇಶಿಸಿದರು. ಮೊದಲಿನದೇ ಇರಲಿ ಎಂದೆ. ಬೇರೆಯವರ ನಿದ್ದೆಯಿಂದ ಕೊಂಡುಕೊಂಡದ್ದು ನನ್ನ ಗಾಡಿಯ ಗುಣ ಹೇಗಾದೀತು? ತಟ್ಟೆಯೂ, ಮೇಸ್ತ್ರಿಯ ಕೂಲಿಯೂ, ಬಲಗಾಲಿನ ಹೊಸ ಅಭ್ಯಾಸವೂ ನನ್ನ ಬಾಬ್ತು. ಅಕ್ಕರೆಯ ಖರ್ಚನ್ನು ಅಕ್ಕರೆಪಟ್ಟವನೇ ತೆರಬೇಕೆಂಬುದು ಸಣ್ಣ ನಿಯಮ. ಆದರೆ ಒಂದು ಗಾಡಿ ಆರಿಸಲು ನನಗೆ ಅದು ಸಾಕಾಯಿತು.

ಯೆಜ್ಡಿಯನ್ನು ಇಟ್ಟುಕೊಂಡವರನ್ನು ನಾನು ಹಳಿಯುತ್ತಿಲ್ಲ. ಜುಲೈ ತಿಂಗಳ ಒಂದು ಭಾನುವಾರ ಅವರೆಲ್ಲ ತಂತಮ್ಮ ಗಾಡಿಗಳನ್ನು ಒರೆಸಿ ತಂದು ಒಂದೆಡೆ ಸೇರುತ್ತಾರೆ. ನೋಡಲು ಒಂದು ಜಾತ್ರೆ. ವರ್ಷಕ್ಕೆ ಹತ್ತು ಸಲ ಮಾತ್ರ ಹೊರಗೆ ತೆಗೆದು, ಉಳಿದ ದಿನ ಮುಚ್ಚಿಟ್ಟು ಕಾಪಾಡುವವರ ಲೆಕ್ಕ ಬೇರೆ. ದಿನವೂ ಓಡಿಸಬೇಕೆಂದಿದ್ದವನ ಲೆಕ್ಕ ನನ್ನದು. ಅದರ ಸದ್ದು ಸಂಪಿಗೆ ರಸ್ತೆಯಲ್ಲಿ ಒಮ್ಮೊಮ್ಮೆ ಕೇಳಿದಾಗ ಈಗಲೂ ನಿಂತು ನೋಡುತ್ತೇನೆ.

ಈ ಆಯ್ಕೆ ಮುಗಿದ ಮೇಲೆ ಇನ್ನೊಂದು ಮಾತು ಬೆನ್ನುಹತ್ತಿದೆ. ನಾವು ಗಾಡಿಗಳ ವಿಷಯದಲ್ಲಿ ಮಾತ್ರವೇ “ಗುಣವೇ ಹಾಗೆ” ಎನ್ನುತ್ತೇವೆಯೆ? ಮನೆಯ ಯಜಮಾನನಿಗೆ ಬೆಳಗ್ಗೆ ಸಿಡುಕು, “ಅವರ ಗುಣವೇ ಹಾಗೆ.” ಕಚೇರಿಯ ಹಿರಿಯರು ನಾಲ್ವರ ಎದುರಿಗೆ ಕಿರಿಯನನ್ನು ಗದರುತ್ತಾರೆ; “ಮನಸ್ಸು ಒಳ್ಳೆಯದು, ಗುಣ ಹಾಗೆ.” ಹೇಳಿಸಿಕೊಂಡವರಿಗೂ ಅದು ಒಂದು ಬಗೆಯ ಬಿರುದಾಗಿಬಿಡುತ್ತದೆ, ಬೇರೆಯವರೇ ತನಗೆ ಹೊಂದಿಕೊಳ್ಳಲಿ ಎಂದು ಅವರು ಹಾಯಾಗಿರುತ್ತಾರೆ. ನಮ್ಮ ಸಿಡುಕು, ನಮ್ಮ ಮೊಂಡುತನ, ನಮ್ಮ ಗತ್ತು ಇವುಗಳ ಖರ್ಚನ್ನು ತೆರುತ್ತಿರುವವರು ಯಾರೆಂದು ಕೇಳಿಕೊಂಡರೆ, ಯಾವುದು ಗುಣ, ಯಾವುದು ಹೊಗೆ ಎಂಬುದು ಬೇಗ ತಿಳಿಯುತ್ತದೆ. ಅವರು ಬಾಯಿಬಿಟ್ಟು ಹೇಳಲಿ ಎಂದು ಕಾಯಬೇಕಾಗಿಲ್ಲ. ಯಾವ ಕಿಟಕಿಗಳು ಮುಚ್ಚಿವೆಯೆಂದು ನೋಡಿದರೆ ಸಾಕು.