ಹಳೇ ರಿಪೋರ್ಟ್ ಎಲ್ಲಿದೆ?

ಮಳೆಗಾಲದಲ್ಲಿ ಭಾಗಮಂಡಲದ ಸಂಗಮದ ನೀರು ರಸ್ತೆಯತ್ತ ಏರತೊಡಗಿದರೆ ಹಿರಿಯರು ಮೊದಲು ಕೇಳುವುದು, 'ಬೆಳಿಗ್ಗೆ ಎಲ್ಲಿವರೆಗಿತ್ತು?' ಎಂದು. ಈಗಿನ ಮಟ್ಟ ಕಣ್ಣೆದುರೇ ಇದೆ. ಏರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಾದರೆ ತಾನೇ ನಾಪೋಕ್ಲು ಕಡೆಗೆ ಹೊರಡುವುದೋ ಬೇಡವೋ ಹೇಳಲಾಗುವುದು? ರಕ್ತಪರೀಕ್ಷೆಯ ಕಾಗದ ಕೈಗೆ ಬಂದಾಗ ಈ ಪ್ರಶ್ನೆ ನಮಗೆ ಮರೆತೇ ಹೋಗುತ್ತದೆ.

ನಮ್ಮ ಚಿಕ್ಕಮ್ಮನಿಗೆ ಹಿಮೋಗ್ಲೋಬಿನ್ ಯಾವತ್ತೂ ಹತ್ತರ ಆಸುಪಾಸು. ಹೆಂಗಸರಿಗೆ 12 ಇರಬೇಕು. ಹೋದಲ್ಲೆಲ್ಲ 'ರಕ್ತ ಕಡಿಮೆ' ಎಂದು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ವರ್ಷಗಟ್ಟಲೆ ನುಂಗಿದರು. ಹೊಟ್ಟೆ ಉರಿಯಿತು, ಸಂಖ್ಯೆ ಕದಲಲಿಲ್ಲ. 'ನೀವು ಸರಿಯಾಗಿ ಸೊಪ್ಪು ತಿನ್ನಲ್ಲ' ಎಂದು ಮನೆಯವರೆಲ್ಲ ಗದರಿದೆವು. ಆ ಮಾತು ನೆನೆದರೆ ಈಗಲೂ ನನಗೆ ನೋವಾಗುತ್ತದೆ. ಕೊನೆಗೊಬ್ಬ ವೈದ್ಯೆ, 'ಹಳೇ ರಿಪೋರ್ಟ್ ಏನಾದ್ರೂ ಇಟ್ಕೊಂಡಿದ್ದೀರಾ ಅಮ್ಮಾ?' ಎಂದು ಕೇಳಿದರು. ಚಿಕ್ಕಮ್ಮ ಪ್ಲಾಸ್ಟಿಕ್ ಕವರಿನಿಂದ ನಾಲ್ಕು ಕಾಗದ ತೆಗೆದು ಮೇಜಿನ ಮೇಲೆ ಹರಡಿದರು.

ನಾಲ್ಕರಲ್ಲೂ ಒಂದೇ ಕಥೆ. ಕೆಂಪುಕಣದ ಗಾತ್ರ ಹೇಳುವ ಎಂಸಿವಿ 80ರಿಂದ 100ರೊಳಗೆ ಇರಬೇಕಾದದ್ದು 64. ಕಣಗಳ ಎಣಿಕೆ ಮಾತ್ರ ಮೈಕ್ರೊಲೀಟರಿಗೆ 55 ಲಕ್ಷ, ಅಂದರೆ ಭರ್ತಿ. ಕಬ್ಬಿಣದ ಕೊರತೆಯಲ್ಲಿ ಸಾಮಾನ್ಯವಾಗಿ ಗಾತ್ರದ ಜತೆ ಎಣಿಕೆಯೂ ಕುಗ್ಗುತ್ತದೆ. ಕಣ ಪುಟ್ಟದು, ಎಣಿಕೆ ಹೆಚ್ಚು ಎಂದಾದರೆ ಹೆತ್ತವರಿಂದ ಬರುವ ರಕ್ತದ ತೊಂದರೆಯಾದ ಥಲಸ್ಸೇಮಿಯದ ವಾಹಕರಿರಬಹುದೆಂಬ ಗುಮಾನಿ ಏಳಬೇಕು. 64ನ್ನು 5.5ರಿಂದ ಭಾಗಿಸಿದರೆ ಹನ್ನೊಂದು ಚಿಲ್ಲರೆ. ಹದಿಮೂರಕ್ಕಿಂತ ಕಡಿಮೆ ಬಂದರೆ ಅನುಮಾನ ಬಲವಾಗುತ್ತದೆ. 1973ರಲ್ಲಿ ಮೆಂಟ್ಜರ್ ಎಂಬ ವೈದ್ಯರು ತೋರಿಸಿಕೊಟ್ಟ ಲೆಕ್ಕವಿದು. ಖಚಿತವಾಗುವುದು ಎಚ್‌ಪಿಎಲ್‌ಸಿ ಪರೀಕ್ಷೆಯಲ್ಲಿ, ಹಿಮೋಗ್ಲೋಬಿನ್ ಎ2 ಶೇ. 3.5ನ್ನು ದಾಟಿದಾಗ. ಜತೆಗೆ ಮೈಯಲ್ಲಿನ ಕಬ್ಬಿಣದ ದಾಸ್ತಾನು ಹೇಳುವ ಫೆರಿಟಿನ್ ನೋಡಲೇಬೇಕು, ಕಬ್ಬಿಣ ತೀರಾ ಕಡಿಮೆಯಿದ್ದರೆ ಎ2 ಇಳಿದು ನಾವು ಮೋಸಹೋಗಬಹುದು. ಚಿಕ್ಕಮ್ಮ ವಾಹಕರು, ರೋಗಿಯಲ್ಲ. ಅವರ ಕಬ್ಬಿಣ ಸರಿಯಾಗಿಯೇ ಇತ್ತು, ಮಾತ್ರೆ ಬೇಕಿರಲೇ ಇಲ್ಲ.

ಇಂಥದ್ದೇ ಇನ್ನೊಂದು ಆನುವಂಶಿಕ ತೊಂದರೆ, ಕೆಂಪುಕಣ ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್. ಭಾರತದಲ್ಲಿ ಅದನ್ನು ಮೊದಲು ಗುರುತಿಸಿದ್ದು ನಮಗೆ ದೂರವಲ್ಲದ ನೀಲಗಿರಿಯ ಬುಡಕಟ್ಟುಗಳಲ್ಲಿ, 1952ರಲ್ಲಿ. ಮಲೇರಿಯಾ ಕಾಡಿದ ನಾಡುಗಳಲ್ಲಿ ಇದರ ವಾಹಕರು ಆ ಜ್ವರವನ್ನು ಹೆಚ್ಚು ತಾಳಿಕೊಂಡರು, ಹಾಗಾಗಿ ಗುಣ ಉಳಿದುಬಂತು. ಸಿಕಲ್ ಸೆಲ್ ಕಾಯಿಲೆಯನ್ನು ನಿವಾರಿಸಲು 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಅಭಿಯಾನದಲ್ಲಿ ಕರ್ನಾಟಕವೂ ಸೇರಿದೆ. ಬುಡಕಟ್ಟಿನವರ ಹಾಡಿಗಳಿಗೆ ಪರೀಕ್ಷೆಯವರು ಬಂದರೆ ದಯವಿಟ್ಟು ಬೆರಳು ಕೊಡಿ.

ಇನ್ನು, ಕಾಗದದಲ್ಲಿ ದಪ್ಪಕ್ಷರದಲ್ಲಿ ಬಂದದ್ದೆಲ್ಲ ಕಾಯಿಲೆಯಲ್ಲ. ಆರೋಗ್ಯವಂತರಲ್ಲಿ ನೂರಕ್ಕೆ ತೊಂಬತ್ತೈದು ಮಂದಿ ಒಳಗೆ ಬರುವಂತೆ ಕಾಗದದಲ್ಲಿನ ಸಾಮಾನ್ಯ ಮಿತಿಗಳನ್ನು ಇಟ್ಟಿರುತ್ತಾರೆ. ಇಪ್ಪತ್ತು ಬಗೆಯ ಪರೀಕ್ಷೆ ಒಟ್ಟಿಗೆ ಮಾಡಿಸಿದರೆ ಗಟ್ಟಿಮುಟ್ಟಾದವರಿಗೂ ಒಂದಾದರೂ ಗೆರೆ ದಾಟುವ ಸಂಭವವೇ ಹೆಚ್ಚು. ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಕೆಳಗಿಳಿದರೆ ಮನೆಮಂದಿಯೆಲ್ಲ ಡೆಂಗಿ ಎಂದು ನಡುಗುತ್ತೇವೆ. ಆದರೆ ಕೆಲವರ ರಕ್ತದಲ್ಲಿ, ಹೆಪ್ಪುಗಟ್ಟದಿರಲೆಂದು ಸೀಸೆಯೊಳಗೆ ಹಾಕಿದ ಇಡಿಟಿಎ ತಗುಲಿ ಪ್ಲೇಟ್‌ಲೆಟ್‌ಗಳು ಗುಂಪುಗೂಡುತ್ತವೆ, ಯಂತ್ರ ಅವನ್ನು ಎಣಿಸದೇ ಬಿಡುತ್ತದೆ. ರಕ್ತವನ್ನು ಗಾಜಿನ ಮೇಲೆ ಸವರಿ, ಅಂದರೆ ಸ್ಮಿಯರ್ ಮಾಡಿ, ಸೂಕ್ಷ್ಮದರ್ಶಕದಡಿ ಒಬ್ಬರು ಕಣ್ಣಿಟ್ಟು ನೋಡಿದರೆ ಅದು ಬಯಲಾಗುತ್ತದೆ.

ಆದರೆ ಹಿಮೋಗ್ಲೋಬಿನ್, ಬಿಳಿಕಣ, ಪ್ಲೇಟ್‌ಲೆಟ್ ಮೂರೂ ಒಟ್ಟಿಗೆ ಕುಸಿದಿದ್ದರೆ, ವಸಡಿನಲ್ಲಿ ರಕ್ತ ಒಸರುತ್ತಿದ್ದರೆ, ಪೆಟ್ಟಿಲ್ಲದೆ ಮೈಮೇಲೆ ನೀಲಿ ಕಲೆ ಮೂಡಿದರೆ, ಜ್ವರ ಬಿಡದೆ ಕಾಡಿದರೆ, ಸ್ಮಿಯರಿನಲ್ಲಿ 'ಬ್ಲಾಸ್ಟ್' (ಬಲಿಯದ ರಕ್ತಕಣ) ಎಂಬ ಪದ ಕಂಡರೆ ಅಂದೇ ದೊಡ್ಡಾಸ್ಪತ್ರೆಗೆ ಹೊರಡಬೇಕು. ಆಗ ಕಾಯುವುದಕ್ಕೆ ಅವಕಾಶವಿಲ್ಲ.

ಕಾವೇರಿ ಸಂಕ್ರಮಣ ಕಳೆದ ಮೇಲೆ ಚಿಕ್ಕಮ್ಮನ ಮಗನಿಗೆ ಮದುವೆ ಮಾತುಕತೆ. ಗಂಡು ಹೆಣ್ಣು ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ಮಗುವಿಗೆ ತೀವ್ರ ಕಾಯಿಲೆ ಬರುವ ಸಂಭವ. ಅವನೂ ವಾಹಕನೇ. ಹೆಣ್ಣಿನ ಕಡೆಯವರಿಗೆ ಹೇಗೆ ಹೇಳುವುದೆಂದು ಚಿಕ್ಕಮ್ಮ ಎರಡು ರಾತ್ರಿ ನಿದ್ದೆಗೆಟ್ಟರು. ಮೂರನೇ ದಿನ ತಾವೇ ಹೋಗಿ, ಕವರನ್ನು ಅವರ ಮುಂದಿಟ್ಟು ಎಲ್ಲ ಹೇಳಿದರು. ಹುಡುಗಿ ಮರುದಿನವೇ ರಕ್ತ ಕೊಟ್ಟು ಬಂದಳು. ಅವಳ ಎ2 ಶೇ. 2.6.